ಹಾಡು ಮುಗಿಯುವ ತನಕ

೨೦೦೯ರ ಜೂನ್ ೧೩, ಶನಿವಾರ, ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ಚರ್ಚಿನ ಹಿಂಬದಿಯ ಕೋಣೆಯಲ್ಲಿ, ಮಡಚಿಟ್ಟ ಕುರ್ಚಿಗಳ ರಾಶಿಗೂ ಹಳೆಯ ಹಾರ್ಮೋನಿಯಮ್ಮಿಗೂ ನಡುವೆ, ನಾನು ನನ್ನ ಹದಿನೈದು ವರ್ಷದ ಮಗಳ ಎದುರು ಕುಳಿತಿದ್ದೆ. ಅವಳು ನನ್ನೊಡನೆ ಮಾತು ಬಿಟ್ಟು ಹತ್ತೊಂಬತ್ತು ದಿನಗಳಾಗಿದ್ದವು. ದೇವರು ಫೋನನ್ನೇ ಎತ್ತುವುದಿಲ್ಲ ಎಂದು ದೂರುವ ಹಾಡೊಂದನ್ನು ಅವಳು ದಿನವಿಡೀ ಕೇಳುತ್ತಿದ್ದಳು. ಅದನ್ನು ಸಹಿಸಲಾರದೆ, ಕೆಲಸ ಮಾಡುವ ಭೌತಶಾಸ್ತ್ರ ಪ್ರಯೋಗಾಲಯದಿಂದ ತಂದ ಇಕ್ಕಳದಲ್ಲಿ ಅವಳ ಇಯರ್‌ಫೋನಿನ ತಂತಿ ಕತ್ತರಿಸಿದವನು ನಾನು.

ನಮ್ಮಿಬ್ಬರ ಮಧ್ಯೆ ಕುಳಿತಿದ್ದವರು, ಈ ಅಭಿನಂದನ ಗ್ರಂಥ ಗೌರವಿಸುತ್ತಿರುವ, ನಾವೆಲ್ಲ ‘ಆರ್ಗನ್ ಮಿಸ್’ ಎಂದೇ ಕರೆಯುವ ಹಿರಿಯರು. ಮೂವತ್ತೊಂದು ವರ್ಷ ಆರಾಧನೆಗೆ ಆರ್ಗನ್ ನುಡಿಸಿ ನಿವೃತ್ತರಾಗುತ್ತಿರುವ ಅವರನ್ನು ಸಂಗೀತ ಬಲ್ಲವರು ಶ್ರುತಿಶುದ್ಧಿಗಾಗಿ ನೆನೆಯುವುದು ಸಹಜ. ಆದರೆ ಹರೆಯದ ಮಕ್ಕಳ ಹಾಡಿಗೂ ಹೆತ್ತವರ ವಿಶ್ವಾಸಕ್ಕೂ ನಡುವಿನ ಜಗಳವನ್ನು ಮಾತುಕತೆಯಾಗಿಸಲು ಅವರು ನಡೆಸಿದ ಶನಿವಾರದ ತರಗತಿಗೆ ಸಾಟಿಯಾದುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ತರಗತಿ ಹುಟ್ಟಿದ್ದು ಅವರದೇ ತಪ್ಪಿನಿಂದ. ಸೇವೆಯ ಆರಂಭದ ವರ್ಷಗಳಲ್ಲಿ ಅವರು ಸ್ವಂತ ಮಗನ ಕ್ಯಾಸೆಟ್ಟುಗಳನ್ನೆಲ್ಲ ಕಸದ ಡಬ್ಬಿಗೆ ಹಾಕಿದ್ದರು. ಹೊಸದಾಗಿ ಬಂದ ಪ್ರತಿ ತಂದೆತಾಯಿಗೂ ಅದನ್ನು ಹೇಳಿಯೇ ಮುಂದಿನ ಮಾತು. “ಒಂದನ್ನೂ ಪೂರ್ತಿ ಕೇಳಿರ್ಲಿಲ್ಲ ಕಣ್ರೀ!”

ಅಂದು ಅವರು ನನ್ನ ಜೇಬಿನ ಸ್ಟಾಪ್‌ವಾಚನ್ನು ಕೇಳಿ ಪಡೆದು ಮಗಳ ಕೈಗಿತ್ತರು. “ಹಾಡು ಹಾಕಮ್ಮ. ಅಪ್ಪ ಬಾಯಿ ಬಿಟ್ಟ ತಕ್ಷಣ ಗುಂಡಿ ಒತ್ತು. ‘ಚ್’ ಅಂದ್ರೂ ಲೆಕ್ಕಕ್ಕೆ.”

“ಒಂಬತ್ತು ಸೆಕೆಂಡ್,” ಎಂದಳು ಮಗಳು, ನನಗಲ್ಲ, ಮಿಸ್‌ಗೆ. “ಇನ್ನೂ ಹಾಡೋಕೇ ಶುರು ಮಾಡಿಲ್ಲ ಮಿಸ್. ಬರೀ ಗಿಟಾರ್.”

“ಗಿಟಾರ್‌ಗೇ ಇಷ್ಟು ಕೋಪ ಬಂದ್ರೆ, ಡ್ರಮ್ ಶುರುವಾದಾಗ ಆಂಬುಲೆನ್ಸ್ ಕರೀಬೇಕಾಗತ್ತೆ ಸಾರ್!”

ಅವರು ಎಲ್ಲಕ್ಕೂ ತಲೆಯಾಡಿಸುವವರಾಗಿರಲಿಲ್ಲ. ಹೆಣ್ಣುಮಕ್ಕಳನ್ನು ಹೀಗಳೆಯುವ ಹಾಡು ತಂದವನೊಬ್ಬನಿಗೆ, ಅದನ್ನು ಪೂರ್ತಿ ಕೇಳಿದ ಮೇಲೆ, ಸಾಲುಗಳನ್ನು ಹಾಳೆಯಲ್ಲಿ ಬರೆಸಿ, “ಇದನ್ನ ನಿಮ್ಮಮ್ಮಂಗೆ ಓದಿ ಹೇಳಪ್ಪ” ಎಂದರು. ಎರಡನೆಯ ಸಾಲಿಗೆ ಅವನೇ ಹಾಳೆ ಮಡಚಿದ. ನನ್ನ ಮಗಳ ಹಾಡೂ ತಮಗೆ ಹಿಡಿಸಲಿಲ್ಲವೆಂದು ಅವಳ ಮುಖಕ್ಕೇ ಹೇಳಿದರು; ಮತ್ತೆ ಹಾಕಲೂ ಹೇಳಿದರು. ಎರಡನೆಯ ಶನಿವಾರ ನನ್ನ ಸಾಧನೆ ಮೂವತ್ತೇಳು ಸೆಕೆಂಡು. ಮೂರನೆಯದು ಒಂದು ನಿಮಿಷ ಐದು. ನಾಲ್ಕನೆಯದರಲ್ಲಿ ಹಿಂದೆ ಸರಿದು ಐವತ್ತಕ್ಕೆ ಇಳಿದೆ. ಒಮ್ಮೆಯೂ ಅವರು ನನ್ನನ್ನು ಗದರಲಿಲ್ಲ.

ಐದನೆಯ ಶನಿವಾರ ಹಾಡು ಕೊನೆಗೂ ಮುಗಿಯಿತು: ನಾಲ್ಕು ನಿಮಿಷ ಹನ್ನೆರಡು ಸೆಕೆಂಡು. ನಾನು ತುಟಿ ತೆರೆದಿರಲಿಲ್ಲ. ಮಗಳು ಗುಂಡಿ ಒತ್ತಲಿಲ್ಲ, ಮಿಸ್ ಒತ್ತು ಎನ್ನಲೂ ಇಲ್ಲ. ಸ್ಟಾಪ್‌ವಾಚ್ ಓಡುತ್ತಲೇ ಇತ್ತು. ಆಗ ಮಗಳು ಮಾತಾಡಿದಳು, ಈ ಸಲ ನನ್ನೊಡನೆ.

“ಅಜ್ಜಿ ಆಸ್ಪತ್ರೇಲಿದ್ದ ಹನ್ನೊಂದು ದಿನಾನೂ ನಾನು ಹೀಗೇ ಬೇಡ್ಕೊಂಡೆ ಅಪ್ಪ. ದೇವರು ಎತ್ತಲೇ ಇಲ್ಲ. ಇದನ್ನ ಮನೇಲಿ ಯಾರಿಗೆ ಹೇಳ್ಲಿ? ನೀವು ದಿನಾ ಬರೀ ಥ್ಯಾಂಕ್ಸ್ ಹೇಳೋ ಪ್ರಾರ್ಥನೇನೇ ಮಾಡ್ತಿದ್ರಿ.”

ಅಜ್ಜಿ ಎಂದರೆ ನನ್ನ ತಾಯಿ. ಉಪದೇಶವೊಂದು ನಾಲಿಗೆಯ ತುದಿಗೆ ಬಂದಿತ್ತು. ಮಿಸ್ ಮುಖ ನೋಡಿದೆ. ಅವರು ಅಲುಗಾಡದೆ ಮಗಳ ಮಾತನ್ನೇ ಕೇಳುತ್ತಿದ್ದರು. ನಾನೂ ಕೇಳಿದೆ: ವಾರ್ಡಿನ ಹೊರಗಿನ ಬೆಂಚು, ತಣ್ಣಗಾದ ಅಜ್ಜಿಯ ಕಾಲು, ನಾನು ಅವಳನ್ನು ಬೇಗ ಮನೆಗೆ ಕಳಿಸಿದ ಕೊನೆಯ ಸಂಜೆ. ಅವಳ ಮಾತು ಪೂರ್ತಿ ಮುಗಿದ ಮೇಲೆ ಹೇಳಿದೆ:

“ನಾನೂ ಹೀಗೇ ಬೇಡ್ಕೊಂಡಿದ್ದೆ ಪುಟ್ಟಿ. ನಂಗೂ ಎತ್ಲಿಲ್ಲ.”

ಅವಳು ಗುಂಡಿ ಒತ್ತಿದಳು. “ಮತ್ತೆ ಪ್ರಾರ್ಥನೆ ಯಾಕೆ ಬಿಡ್ಲಿಲ್ಲ?”

“ಗೊತ್ತಿಲ್ಲ.”

“ಇಬ್ರೂ ಇನ್ನೂ ಲೈನ್ ಕಟ್ ಮಾಡಿಲ್ಲ ನೋಡಿ,” ಎಂದರು ಮಿಸ್. ಆ ಇಡೀ ಸಂಜೆ ಅವರಾಡಿದ ಉಪದೇಶ ಅಷ್ಟೇ.

ಅಳತೆಯೇ ನನ್ನ ವೃತ್ತಿ. ಆದರೂ ಸುಮ್ಮನೆ ಕುಳಿತೇ ಒಂದು ಮನೆಯನ್ನು ಮರಳಿ ಜೋಡಿಸಿದ ಆ ಶಕ್ತಿಯ ಮುಂದೆ, ಇಷ್ಟು ವರ್ಷಗಳ ನಂತರವೂ, ನನಗೆ ಉಳಿದಿರುವುದು ಬೆರಗೊಂದೇ. ಆರ್ಗನ್ನಿನ ಪೀಠ ಬಿಟ್ಟರೂ ಮಿಸ್ ಶನಿವಾರದ ಕೋಣೆಯನ್ನು ಬಿಡದಿರಲಿ. ಮುಂದಿನ ಮಕ್ಕಳ ಹಾಡುಗಳು ಎಷ್ಟೇ ಗದ್ದಲದವಾದರೂ ಕೊನೆಯವರೆಗೆ ಕೇಳುವಷ್ಟು ಕಿವಿಯನ್ನೂ ಆಯುಸ್ಸನ್ನೂ ದೇವರು ಅವರಿಗೆ ಕರುಣಿಸಲಿ. ಪ್ರತಿ ವಾರದ ಸಮಯ ಬರೆದಿಡುವ ಅವರ ತರಗತಿಯ ಪುಸ್ತಕದಲ್ಲಿ ಆ ಐದನೆಯ ಶನಿವಾರದ ಸಾಲು ನನ್ನ ಮಗಳ ಕೈಬರಹದಲ್ಲಿದೆ. ತಂದೆ ಮಾತಾಡದೆ ಕೇಳಿದ ಅವಧಿ: ಇಪ್ಪತ್ತಮೂರು ನಿಮಿಷ ನಲವತ್ತು ಸೆಕೆಂಡು.