ಸಿರುಗುಪ್ಪದಿಂದ ತಂದ ರಕ್ತ

ಬೆಳಿಗ್ಗೆ ಏಳಕ್ಕೆ ಬಳ್ಳಾರಿ ಬಿಟ್ಟೆ. ಕುರುಗೋಡಿನ ಮೇಲೆ ಸಿರುಗುಪ್ಪಕ್ಕೆ ಹೋಗುವ ಕೆಂಪು ಬಸ್ಸು. ಹೆಂಗಸರಿಗೆ ಟಿಕೆಟ್ ಸೊನ್ನೆ. ತೊಡೆಯ ಮೇಲಿನ ಐಸ್ ಪೆಟ್ಟಿಗೆಯಲ್ಲಿ ರಕ್ತ ತುಂಬುವ ಮೂರು ಖಾಲಿ ನಳಿಕೆಗಳು: ಒಂದು ನನ್ನ ಸೋದರಮಾವನಿಗೆ, ಎರಡು ಕೈತಪ್ಪಿದರೆ ಇರಲೆಂದು. ನಾನು ಗಾಂಧಿನಗರದ ಲ್ಯಾಬೊಂದರಲ್ಲಿ ಟೆಕ್ನೀಷಿಯನ್. ಕಲ್ನಾರಿನ, ಅಂದರೆ ಆಸ್ಬೆಸ್ಟಾಸಿನ, ಧೂಳು ಕುಡಿದವರ ರಕ್ತದಲ್ಲಿ ಕ್ಯಾನ್ಸರಿನ ಸುಳಿವು ಮೊದಲೇ ಸಿಗುತ್ತದೆಯೇ ಎಂದು ನಮ್ಮ ಡಾಕ್ಟರು ಹುಡುಕುತ್ತಿದ್ದಾರೆ. ಮಾವ ಮೂವತ್ತು ವರ್ಷ ಅಕ್ಕಿ ಗಿರಣಿಯ ಬಾಯ್ಲರಿಗೆ ಕಲ್ನಾರಿನ ಹಗ್ಗ ಸುತ್ತಿದವರು. ದಾರಿಯುದ್ದಕ್ಕೂ ನನಗೆ ಅವರದೇ ಭಯ.

ಬಾದನಹಟ್ಟಿಯ ಹತ್ತಿರ ಹರವಿದ್ದ ಮೆಣಸಿನಕಾಯಿಯ ಘಾಟಿಗೆ ಇಡೀ ಬಸ್ಸು ಕೆಮ್ಮಿತು. ಕೆಮ್ಮಿದವರನ್ನೆಲ್ಲ ತಿರುಗಿ ನೋಡುವುದು ನನ್ನ ಕೆಟ್ಟ ಚಟ.

ಸಿರುಗುಪ್ಪದಲ್ಲಿ ಮಾವ ಅಂಗಿಯ ತೋಳು ಮಡಚಿಕೊಂಡೇ ಕೂತಿದ್ದರು. ಹತ್ತೂವರೆಗೆ ಸೂಜಿ ಚುಚ್ಚಿದೆ. ತೆಗೆದ ರಕ್ತ ನಾಲ್ಕು ತಾಸಿನೊಳಗೆ ಲ್ಯಾಬು ಮುಟ್ಟಬೇಕು, ಹೊರಡಲೆಂದು ಎದ್ದೆ. ಅತ್ತೆ ಬಿಡಲಿಲ್ಲ. ರೊಟ್ಟಿ ಹಾಕಿ, ಒಲೆಯಿಂದಿಳಿಸಿದ ಬೇಳೆಯ ಪಾತ್ರೆಯನ್ನು ನನ್ನ ಮುಂದೆ ಒಂದು ಬಿಳಿ ಹಗ್ಗದ ಸಿಂಬಿಯ ಮೇಲಿಟ್ಟರು. ಎಷ್ಟೋ ಬೇಸಿಗೆ ಅದರ ಪಕ್ಕದಲ್ಲೇ ಕೂತು ಉಂಡಿದ್ದೆ. ಇವತ್ತು ರೊಟ್ಟಿ ಬಿಟ್ಟು, ಬಗ್ಗಿ ಅದರ ನಾರು ನೋಡಿದೆ.

"ಮಾವ, ಈ ಸಿಂಬಿ ಎಲ್ಲೀದು?"

"ಗಿರಣೀದವ್ವಾ. ಹಗ್ಗ ಉಳಿದಿತ್ತು. ಬೆಂಕಿಗಿ ಸುಡಂಗಿಲ್ಲ, ಗಟ್ಟಿ ಮಾಲು. ಮದಿವ್ಯಾದ ವರ್ಸ ನಾನ ಸುತ್ತಿಕೊಟ್ಟೀನಿ."

ಅತ್ತೆ ನಕ್ಕರು. "ಬೂದಿ ಹತ್ತಿದ್ರ ಗ್ವಾಡಿಗಿ ಬಡದು ಜಾಡಿಸಿಬಿಡ್ತೀನಿ. ಇನ್ನೂ ಹಂಗ ಐತಿ ನೋಡು."

"ಅತ್ತಿ, ದಮ್ಮು ಬರತೈತೇನ್ರಿ?"

"ದಮ್ಮಿಲ್ಲ. ಕೊಡ ಎತ್ತುವಾಗ ಈ ಪಕ್ಕಿ ಹಿಡಕಂತೈತಿ. ವಯಸ್ಸಾತಲ್ಲ."

ನನ್ನ ಮೇಲೆಯೇ ಸಿಟ್ಟು ಬಂತು. ಪಟ್ಟಿಯಲ್ಲಿ ಗಿರಣಿಗೆ ಹೋದ ಮಾವನ ಹೆಸರನ್ನಷ್ಟೇ ಬರೆದುಕೊಂಡು ಬಂದಿದ್ದೆ. ಅತ್ತೆಯ ರಕ್ತವನ್ನೂ ತರಲೇ ಎಂದು ಡಾಕ್ಟರಿಗೆ ಫೋನ್ ಮಾಡಿದೆ. "ತಗೊಂಡು ಬನ್ನಿ. ಆದರೆ ರಕ್ತವೊಂದನ್ನೇ ನಂಬುವ ಹಾಗಿಲ್ಲ, ಸ್ಕ್ಯಾನ್ ಬೇಕೇ ಬೇಕು ಅಂತ ಹೇಳಿ" ಅಂದರು.

"ಕೈ ಚಾಚ್ರಿ, ಅತ್ತಿ."

"ನಾ ಎಂದಾರ ಗಿರಣಿ ಮೆಟ್ಲ ಹತ್ತೀನೇನವಾ?"

ಮಾವ ತಲೆ ಎತ್ತಲಿಲ್ಲ. "ಚಾಚು. ನಾನ ತಂದು ನಿನ್ನ ಕೈಯಾಗ ಇಟ್ಟೀನಿ" ಅಂದರು. ಅತ್ತೆ ಸೆರಗು ಸರಿಸಿ ಕೈ ಚಾಚಿದರು. ಸಿಂಬಿಯನ್ನು ಧೂಳೇಳದಂತೆ ನೀರಿನಲ್ಲಿ ತೋಯಿಸಿ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ನಾನು ಹೇಳುವವರೆಗೆ ಯಾರೂ ಬಿಚ್ಚಬಾರದೆಂದು ಹೇಳಿ ಹೊರಟೆ.

ಕುರುಗೋಡಿನಲ್ಲಿ ಬಸ್ಸು ಪಂಕ್ಚರ್. ಆಗಲೇ ಒಂದು ಗಂಟೆ. ಬಿಸಿಲಿಗೆ ಊರ ಹಿಂದಿನ ಬಂಡೆಗುಡ್ಡ ಕಾದ ಹಂಚಿನಂತಿತ್ತು. ಪೆಟ್ಟಿಗೆಯಲ್ಲಿ ಐಸು ನೀರಾಗುತ್ತಿತ್ತು.

"ಏನ್ರೀ ಅದು, ಮೀನಾ?" ಎಂದು ಕಂಡಕ್ಟರ್ ತಮಾಷೆ ಮಾಡಿದ.

"ನಮ್ಮ ಮಾವಂದು, ಅತ್ತೀದು ರಕ್ತ. ಎರಡೂವರಿಯೊಳಗ ಮುಟ್ಟಬೇಕ್ರಿ."

ಅವನ ನಗೆ ನಿಂತಿತು. ರಸ್ತೆಗೆ ಅಡ್ಡ ನಿಂತು, ಬಳ್ಳಾರಿ ಕಡೆಗೆ ಹೊರಟಿದ್ದ ಟಂಟಂ ಆಟೊವೊಂದನ್ನು ತಡೆದು ನನ್ನನ್ನು ಹತ್ತಿಸಿದ. ಟಂಟಂ ಕುಲುಕುವಾಗ, ಇಷ್ಟು ಹೊತ್ತು ದೂರವಿಟ್ಟಿದ್ದ ನೆನಪು ಬಂದೇಬಿಟ್ಟಿತು. ಚಿಕ್ಕವಳಿದ್ದಾಗ ಆ ಸಿಂಬಿಯೇ ನನ್ನ ಕಿರೀಟ. ಅದರ ಬಿಳಿ ನಾರು ಕಿತ್ತು, ಅಂಗೈಯಲ್ಲಿಟ್ಟು ಊದಿ ಹಾರಿಸುತ್ತಿದ್ದೆ.

ಎರಡು ಇಪ್ಪತ್ತಕ್ಕೆ ಲ್ಯಾಬು ಮುಟ್ಟಿದೆ. ಎರಡೂ ನಳಿಕೆಗಳನ್ನು ಯಂತ್ರಕ್ಕಿಟ್ಟೆ. ಉಳಿದ ಮೂರನೆಯದನ್ನು ಜೊತೆಗೆ ಕೆಲಸ ಮಾಡುವ ರಜಿಯಾಳ ಕೈಗೆ ಕೊಟ್ಟು ತೋಳು ಚಾಚಿದೆ. ಅವಳು ಫಾರಂ ಎಳೆದುಕೊಂಡು, "ಕಲ್ನಾರಿನ ಜೊತಿ ಏನು ಕೆಲಸ ಅಂತ ಬರೀಲಿ?" ಅಂದಳು.

"ಬ್ಯಾಸಗಿ ರಜಾಕ್ಕ ಮಾವನ ಮನಿಗಿ ಹೋಗ್ತಿದ್ದಳು ಅಂತ ಬರಿ" ಅಂದೆ.