ರಾಶಿಯಲ್ಲಿದ್ದ ಗ್ಲೌಸು

ನಮ್ಮ ಅಯೋವಾದ ಊರಿನಲ್ಲಿ ಡೆಲ್ಬರ್ಟ್ ಕುದುರೆ ಜೀನು ಹೊಲಿಯುತ್ತಿದ್ದ. ಹಳೆಯ ಫೋಟೊಗಳಲ್ಲಿ ಬೇಸ್‌ಬಾಲ್ ಆಟಗಾರರು ಚೆಂಡು ಹಿಡಿಯಲು ತೊಡುವ ತೊಗಲಿನ ಗ್ಲೌಸುಗಳನ್ನು ಗುರುತಿಸುವುದರಲ್ಲಿ ಅವನದು ಎತ್ತಿದ ಕೈ. ಬೆರಳಿನ ಆಕಾರ, ಹೊಲಿಗೆ ನೋಡಿ ಯಾವ ಕಾಲದ್ದೆಂದು ಹೇಳುತ್ತಿದ್ದ.

ಪಕ್ಕದ ಮನೆಯ ಅರ್ಲೀನ್, ತಾನು ಹುಟ್ಟುವ ಮೊದಲೇ ತೀರಿಕೊಂಡ ಅಪ್ಪನ ಗ್ಲೌಸನ್ನೂ ಅವನು ಆಡುತ್ತಿದ್ದ ಗಿರಣಿಯ ಬೇಸ್‌ಬಾಲ್ ತಂಡದ ಫೋಟೊವನ್ನೂ ತಂದಳು. ಅದರಲ್ಲಿ ಒಂಬತ್ತು ಮಂದಿ ಇದ್ದರು, ಹೆಸರುಗಳಿರಲಿಲ್ಲ. ಅಪ್ಪನ ಮುಖ ಬಲ್ಲವರು ಯಾರೂ ಬದುಕಿರಲಿಲ್ಲ.

ಡೆಲ್ಬರ್ಟ್ ಭೂತಗನ್ನಡಿ ಹಿಡಿದ. "ಸಿಕ್ತು! ಹೆಬ್ಬೆರಳ ಹತ್ರ ಇದೇ ತೇಪೆ, ನೋಡು."

"ಯಾರ ಕೈಲಿದೆ?"

"ಯಾರ ಕೈಲೂ ಇಲ್ಲ. ಆಗೆಲ್ಲ ಫೋಟೊಗೆ ಕೂತಾಗ ಗ್ಲೌಸು, ಬ್ಯಾಟು ಎಲ್ಲಾ ಮುಂದೆ ಹುಲ್ಲಿನ ಮೇಲೆ ರಾಶಿ ಹಾಕ್ತಿದ್ರು."

"ಹಾಗಾದ್ರೆ ಇದ್ರಲ್ಲಿ ನಮ್ಮಪ್ಪ ಯಾರು?"

"ಅದನ್ನ ಗ್ಲೌಸು ಹೇಳಲ್ಲ, ಅರ್ಲೀನ್."

"ಸತ್ತ ದನದ ತೊಗಲು ಗುರುತು ಹಿಡೀತೀಯ, ಮನುಷ್ಯರ ಮುಖ ಮಾತ್ರ ಆಗಲ್ಲ, ಅಲ್ವೇನೋ? ಸುಮ್ನೆ ಯಾರಾದ್ರೂ ಒಬ್ಬನ್ನ ತೋರಿಸಿಬಿಡು."

ಡೆಲ್ಬರ್ಟ್ ಬೆರಳೆತ್ತಿದ, ಮತ್ತೆ ಇಳಿಸಿದ. ತೋರಿಸಿದರೆ ಅವಳು ನಂಬಿಬಿಡುತ್ತಾಳೆಂದು ಅವನಿಗೆ ಗೊತ್ತಿತ್ತು.

ಅರ್ಲೀನ್ ಗ್ಲೌಸನ್ನು ಕೈಗೆ ತೊಟ್ಟುಕೊಂಡು, ಒಂಬತ್ತು ಮುಖಗಳನ್ನೂ ಮತ್ತೆ ಮೊದಲಿನಿಂದ ನೋಡತೊಡಗಿದಳು.