ಕವುಚಿ ಮಲಗಿದ ಆಟಗಾರರು

"ನಮ್ಮ ಕಾಲದಲ್ಲಿ" ಎಂದು ನಾನು ಶುರು ಮಾಡಿದರೆ ಉಮ್ಮ ನಗುತ್ತಾಳೆ. ನಿನಗೆ ಎಷ್ಟು ವರ್ಷವಾಯಿತೆಂದು ಕಾಲದ ಮಾತು ಎನ್ನುತ್ತಾಳೆ. ಆದರೆ ಗಲ್ಫಿನ ಫ್ಲ್ಯಾಟುಗಳಲ್ಲಿ ಬೆಳೆದವರಿಗೆ ಗೊತ್ತು, ಅಲ್ಲಿ ಒಂದು ಕಾಲ ಮುಗಿಯಲಿಕ್ಕೆ ಹೆಚ್ಚು ವರ್ಷ ಬೇಕಿರಲಿಲ್ಲ. ಒಂದು ಟಿಕೆಟ್ ಆದರೆ ಮುಗಿಯಿತು. ನಾನು ಹೇಳುತ್ತಿರುವುದು ನನಗೆ ಒಂಬತ್ತು ಹತ್ತು ವರ್ಷವಿದ್ದಾಗಿನ, ಸೌದಿಯ ಖೋಬರಿನ ಆ ಕಾಲದ ಮಾತು.

ನಮ್ಮದು ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ಬಿಸಿಲು ಒಳಗೆ ಬಾರದ ಹಾಗೆ ಕಿಟಕಿಯ ಗಾಜಿಗೆ ಬೆಳ್ಳಿಬಣ್ಣದ ಹಾಳೆ ಅಂಟಿಸಿದ್ದರು. ಹೊರಗೆ ಮಧ್ಯಾಹ್ನವೋ ಸಂಜೆಯೋ ಎಂಬುದು ಪಳ್ಳಿಯಿಂದ ನಮಾಜಿನ ಬಾಂಗ್ ಕೇಳಿದಾಗಲೇ ತಿಳಿಯುತ್ತಿತ್ತು. ಶಾಲೆಯ ಬಸ್ಸು ಇಳಿಸಿ ಹೋದ ಮೇಲೆ ಬಾಗಿಲು ಹಾಕಿದರೆ ಮರುದಿನ ಬಸ್ಸಿಗೇ ತೆಗೆಯುವುದು. ಕೆಳಗಿಳಿದು ಆಡುವ ಮಾತೇ ಇಲ್ಲ. ಅಣ್ಣ ತಮ್ಮ, ಅಕ್ಕ ತಂಗಿ ಯಾರೂ ಇರಲಿಲ್ಲ. ನಾನು ಫ್ರಿಜ್ಜಿನ ಜೊತೆ ಮಾತಾಡುತ್ತಿದ್ದೆ ಎಂದು ಉಮ್ಮ ಈಗಲೂ ನೆಂಟರ ಎದುರು ತಮಾಷೆ ಮಾಡುತ್ತಾಳೆ. ಮಾತಾಡುತ್ತಿದ್ದದ್ದು ನಿಜ. ಅದು ಗುರ್ ಎಂದು ಉತ್ತರವನ್ನಾದರೂ ಕೊಡುತ್ತಿತ್ತು.

ಉಪ್ಪ ದಹ್ರಾನಿನ ಕಂಪನಿ ಕ್ಯಾಂಪಿನಲ್ಲಿ ಎ.ಸಿ. ಮೆಕ್ಯಾನಿಕ್. ಆ ಕ್ಯಾಂಪಿನ ಗೇಟಿನ ಒಳಗೆ ಹುಲ್ಲು ಇತ್ತಂತೆ, ಈಜುಕೊಳ ಇತ್ತಂತೆ, ಅಮೆರಿಕದವರ ಮಕ್ಕಳು ಸೈಕಲ್ ಬಿಡುತ್ತಿದ್ದರಂತೆ. ನನಗೆ ಅದೆಲ್ಲ ಅಂತೆ ಮಾತ್ರ. ಒಮ್ಮೆ ಕೆಲಸ ಮುಗಿಸಿ ಊರಿಗೆ ಹೊರಟಿದ್ದ ಮುದುಕ ಅಮೆರಿಕನ್ನನೊಬ್ಬ, ತಾನು ಹುಡುಗನಾಗಿದ್ದಾಗ ಕೂಡಿಸಿಟ್ಟಿದ್ದ ಬೇಸ್‌ಬಾಲ್ ಕಾರ್ಡುಗಳ ಪೆಟ್ಟಿಗೆಯೊಂದನ್ನು ಉಪ್ಪನ ಕೈಗಿಟ್ಟು, ನಿನ್ನ ಮಗನಿಗೆ ಕೊಡು ಎಂದನಂತೆ. ತನಗೆ ಇರುವುದು ಮಗಳು ಎಂದು ಉಪ್ಪ ಹೇಳಲಿಲ್ಲ.

"ಹೇಳಿದ್ರೆ ವಾಪಸ್ ತೆಗೊಂಡ್ರೆ ಎಂತ ಮಾಡುದು ಅಂತ ಸುಮ್ನಾದೆ" ಎಂದರು ಮನೆಗೆ ಬಂದು.

ಪೆಟ್ಟಿಗೆ ತೆರೆದಾಗ ಬಂದ ವಾಸನೆ ಇನ್ನೂ ಮೂಗಿನಲ್ಲಿದೆ. ಹಳೆಯ ರಟ್ಟಿನ ವಾಸನೆ, ಅದರ ಅಡಿಯಲ್ಲಿ ಎಲ್ಲೋ ಒಂದು ಸಿಹಿ. ಆ ಕಾಲದಲ್ಲಿ ಕಾರ್ಡಿನ ಜೊತೆ ಬಬಲ್‌ಗಮ್ ಇಟ್ಟು ಮಾರುತ್ತಿದ್ದರಂತೆ. ಅದನ್ನು ಕೇಳಿದ ಮೇಲೆ ಉಮ್ಮನಿಗೆ ಸಂಶಯ. "ಅದಕ್ಕೆ ಯಾವ ಪ್ರಾಣಿಯ ಕೊಬ್ಬು ಹಾಕಿದ್ದಾರೋ ಏನೋ. ಮೂಸಿದ್ದು ಸಾಕು ನೀನು" ಎಂದಳು. ನಾನು ಅವಳು ಅಡುಗೆಮನೆಗೆ ಹೋದಾಗ ಮೂಸುತ್ತಿದ್ದೆ.

ಬೇಸ್‌ಬಾಲ್ ಎಂದರೇನೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಕ್ಯಾಂಪಿನ ಮೈದಾನದಲ್ಲಿ ಮಕ್ಕಳು ಆಡುವುದನ್ನು ಎ.ಸಿ. ರಿಪೇರಿಯ ನಡುವೆ ನೋಡಿದ್ದ ಉಪ್ಪನೇ ನಮಗೆ ಗುರು. "ಹೊಡೆದವ ಬ್ಯಾಟ್ ಬಿಸಾಡಿ ಓಡ್ತಾನೆ" ಎಂದು ಅವರು ವಿವರಿಸಿದರೆ, ಉಮ್ಮ ಅಕ್ಕಿಯ ಪತ್ತಿರ್ ತಟ್ಟುತ್ತಾ, "ಬ್ಯಾಟ್ ಬಿಸಾಡಿದ್ರೆ ಮತ್ತೆ ಆಡುದು ಎಂತದ್ರಲ್ಲಿ?" ಎಂದು ಕೇಳುತ್ತಿದ್ದಳು. ಆಟಗಾರರ ಹೆಸರುಗಳಿಗೆ ನಾಲಿಗೆ ಹೊರಳುತ್ತಿರಲಿಲ್ಲವಾದ್ದರಿಂದ ನಾನೇ ಹೆಸರಿಟ್ಟೆ. ಒಬ್ಬ ಮೀಸೆ ಕಾಕ. ಒಬ್ಬ ನಮ್ಮ ಊರಿನ ಬಸ್ಸಿನ ಕಂಡಕ್ಟರನ ಹಾಗೇ ಇದ್ದುದರಿಂದ ಕಂಡಕ್ಟರ್. ಇನ್ನೊಬ್ಬನ ಒಂದು ಕೆನ್ನೆ ಉಬ್ಬಿತ್ತು, ಹೊಗೆಸೊಪ್ಪು ಜಗಿಯುತ್ತಿದ್ದನೋ ಏನೋ. ನನಗೆ ಮಾತ್ರ ಪಾಪ ಎನಿಸಿ ಅವನನ್ನು ಹಲ್ಲುನೋವಿನವ ಎಂದು ಕರೆದೆ. ಎಲ್ಲರಿಗಿಂತ ಪ್ರೀತಿಯವನು ಅವನೇ. ಹಲ್ಲುನೋವಿದ್ದೂ ಆಡಲು ಬಂದಿದ್ದಾನಲ್ಲ ಎಂದು.

ದಿನವೂ ಅವರನ್ನು ಚಾಪೆಯ ಮೇಲೆ ಹರಡುವುದು, ಟೊಪ್ಪಿಯ ಬಣ್ಣದ ಪ್ರಕಾರ ಜೋಡಿಸುವುದು, ಮೂಲೆ ಸವೆದವರನ್ನು ಬೇರೆ ಇಡುವುದು. ಹಾಳಾಗದಿರಲಿ ಎಂದು ಉಪ್ಪ ಇಕಾಮಾ, ಅಂದರೆ ಆ ದೇಶದಲ್ಲಿರಲು ಕೊಡುವ ಪರವಾನಗಿ ಕಾರ್ಡು, ಹಾಕಿಡುವ ಪ್ಲಾಸ್ಟಿಕ್ ಕವರುಗಳನ್ನು ತಂದರು. ಕಾರ್ಡು ಸ್ವಲ್ಪ ಅಗಲವಾಯಿತು, ಒಳಗೆ ಹೋಗಲಿಲ್ಲ. "ಇವ್ರಿಗೆ ಇಕಾಮಾ ಆಗ್ಲಿಲ್ಲ ಮಗಾ, ಎಲ್ರೂ ಕಳ್ಳರ ಹಾಗೆ ಅಡಗಿ ಕೂತ್ಕೊಳ್ಬೇಕು" ಎಂದರು. ಖರ್ಜೂರದ ಖಾಲಿ ಡಬ್ಬವೇ ಅವರಿಗೆ ಮನೆಯಾಯಿತು.

ಕಷ್ಟ ಬಂದದ್ದು ನಮಾಜಿನದು. ಇರುವುದೊಂದೇ ಕೋಣೆ, ನಮಾಜೂ ಅಲ್ಲೇ. ನಮಾಜು ಮಾಡುವಲ್ಲಿ ಮನುಷ್ಯರ ಮುಖದ ಚಿತ್ರ ಎದುರಿಗಿರಬಾರದು ಎಂಬುದು ಉಮ್ಮನ ಕಟ್ಟುನಿಟ್ಟು. ಟಿ.ವಿ.ಗೂ ಅವಳು ಬಟ್ಟೆ ಹೊದಿಸುತ್ತಿದ್ದಳು. ಬಾಂಗ್ ಕೇಳಿದ ಕೂಡಲೇ "ಕವುಚಿ ಹಾಕು" ಎನ್ನುವಳು. ನಾನು ಜೋಡಿಸಿದ್ದನ್ನು ಕೆಡಿಸಲು ಮನಸ್ಸಿಲ್ಲದೆ ಒಬ್ಬೊಬ್ಬರನ್ನೇ ಇದ್ದಲ್ಲೇ ಕವುಚಿ ಮಲಗಿಸುತ್ತಿದ್ದೆ. ಹೀಗೆ ಕವುಚಿ ಕವುಚಿ ನನಗೆ ಅವರ ಮುಖದಷ್ಟೇ ಬೆನ್ನೂ ಪರಿಚಯವಾಯಿತು. ಬೆನ್ನಿನ ಮೇಲೆ ಆಟಗಾರನ ಎತ್ತರ, ಎಡಗೈಯವನೋ ಬಲಗೈಯವನೋ ಎಂಬ ವಿವರ, ಒಂದು ಸಣ್ಣ ತಮಾಷೆಯ ಚಿತ್ರ ಇರುತ್ತಿತ್ತು. ಆಟವಿಲ್ಲದ ತಿಂಗಳುಗಳಲ್ಲಿ ಏನು ಕೆಲಸ ಮಾಡುತ್ತಾನೆಂದೂ ಬರೆದಿರುತ್ತಿತ್ತು. ಕಂಡಕ್ಟರ್ ಹಂದಿ ಸಾಕುತ್ತಿದ್ದ, ಬೆನ್ನ ಮೇಲೆ ಅದರದೇ ಚಿತ್ರ. ಆ ಕಡೆ ಮುಖ, ಈ ಕಡೆ ಹಂದಿ. ಉಮ್ಮನ ಕಣ್ಣಿಗೆ ಬೀಳುವ ಮೊದಲು ಉಪ್ಪ ಅವನನ್ನು ಇಬ್ಬರ ನಡುವೆ ಸಿಕ್ಕಿಸಿಟ್ಟರು.

ನಮ್ಮ ಆಟ ಹುಟ್ಟಿದ್ದು ಇದರಿಂದಲೇ. ಸಂಜೆ ಉಪ್ಪ ಬಂದು, ಬೂಟು ಕಳಚಿ, ಹಾಲಿಲ್ಲದ ಸುಲೈಮಾನಿ ಚಾದಲ್ಲಿ ಖುಬ್ಬೂಸ್ ರೊಟ್ಟಿ ಅದ್ದಿ ತಿನ್ನುತ್ತಾ, ಕವುಚಿದ ಒಂದು ಕಾರ್ಡು ಎತ್ತಿ ಬೆನ್ನು ಓದುವುದು. ಇಂಗ್ಲಿಷ್ ಅಕ್ಷರ ಕೂಡಿಸಿ ಓದುವಷ್ಟೇ ಬರುತ್ತಿತ್ತು ಅವರಿಗೆ.

"ಎಡಗೈ. ಆರಡಿ ಒಂದಿಂಚು. ಆಟ ಇಲ್ಲದಾಗ ಹಾಲು ಮಾರ್ತಾನೆ. ಯಾರು ಹೇಳು?"

"ಹಲ್ಲುನೋವಿನವ."

"ಎಂತ ಮಾರಾಯ್ತಿ, ನೀನು ಬೇಗ ಹೇಳಿದ್ರೆ ನಂಗೆ ಚಾ ಕುಡಿಲಿಕ್ಕೆ ಟೈಮೇ ಸಿಗುದಿಲ್ಲ."

ಇಡೀ ದಿನ ನಾನು ಕಾಯುತ್ತಿದ್ದದ್ದು ಆ ಅರ್ಧ ಗಂಟೆಗೆ. ಒಂದು ದಿನ ಓವರ್‌ಟೈಮ್ ಎಂದು ಅವರು ಬರುವುದು ತಡವಾದರೆ ಆ ದಿನ ನನ್ನ ಪಾಲಿಗೆ ಆಗದೇ ಹೋದ ದಿನ.

ಆಮೇಲೆ ಹೊರದೇಶದವರು ಜೊತೆಗಿಟ್ಟುಕೊಂಡ ಕುಟುಂಬದ ಒಬ್ಬೊಬ್ಬರಿಗೂ ಸರ್ಕಾರಕ್ಕೆ ತಿಂಗಳ ಫೀಸು ಕಟ್ಟಬೇಕೆಂದು ಬಂತು. ನಮ್ಮ ಕಟ್ಟಡದಲ್ಲಿ ಒಂದೊಂದೇ ಮನೆಯ ಎದುರು ಕಾರ್ಗೋ ಪೆಟ್ಟಿಗೆಗಳು ಕಾಣಿಸಿಕೊಂಡವು. ನಮ್ಮದೂ ಸರದಿ ಬಂತು. ಉಮ್ಮ ಮತ್ತು ನಾನು ಊರಿಗೆ, ಉಪ್ಪ ಜುಬೈಲಿನ ಲೇಬರ್ ಕ್ಯಾಂಪಿಗೆ. ಹೊರಡುವ ಮುಂಚಿನ ಶುಕ್ರವಾರ ಬೆಳಿಗ್ಗೆ ಉಪ್ಪ ಪೇಪರಿನಲ್ಲಿ ಸುತ್ತಿದ ಬಿಸಿ ತಮೀಸ್ ರೊಟ್ಟಿ ತಂದರು. ಯಾರೂ ಸರಿಯಾಗಿ ತಿನ್ನಲಿಲ್ಲ. ಚಾಪೆ ಹಾಸಿ, ಕಾರ್ಡುಗಳನ್ನು ಕವುಚಿ, ನಿನಗೊಂದು ನನಗೊಂದು ಎಂದು ಪಾಲು ಮಾಡಿದೆವು. ಅರ್ಧ ನನ್ನದು, ಅರ್ಧ ಅವರದು, ಫೋನಿನಲ್ಲಿ ಆಟ ಮುಂದುವರಿಸುವುದೆಂದು ಮಾತು. ಹಲ್ಲುನೋವಿನವ ಡಬ್ಬದ ಜೊತೆ ಅವರ ಪಾಲಿಗೆ ಹೋದ. ನಾನು ಅತ್ತೆ.

"ಅವ ನನ್ನತ್ರ ಇರ್ಲಿ ಮಗಾ" ಎಂದರು ಉಪ್ಪ. "ನಂಗೂ ಯಾರಾದ್ರೂ ಬೇಡ್ವಾ?"

ಫರಂಗಿಪೇಟೆಯ ಮನೆಯಲ್ಲಿ ಮೊದಮೊದಲು ಪ್ರತಿ ಶುಕ್ರವಾರ ಜುಮಾ ನಮಾಜು ಮುಗಿದ ಮೇಲೆ ಫೋನು ಬರುತ್ತಿತ್ತು. ಹಿಂದಿನಿಂದ ಬೇರೆ ಗಂಡಸರ ಮಾತು, ಪಾತ್ರೆಯ ಸದ್ದು. ಅದರ ನಡುವೆ ಉಪ್ಪ ದೊಡ್ಡ ಸ್ವರದಲ್ಲಿ ಬೆನ್ನು ಓದುತ್ತಿದ್ದರು. ಒಮ್ಮೆ ಊರಿಗೆ ರಜೆಯಲ್ಲಿ ಬಂದವರೊಬ್ಬರ ಕೈಯಲ್ಲಿ, ಟೈಗರ್ ಬಾಮ್ ಮತ್ತು ಸಾಬೂನಿನ ನಡುವೆ, ಹೊಸ ಕಾರ್ಡುಗಳ ಕಟ್ಟೊಂದನ್ನು ಕಳಿಸಿದರು. ಜೊತೆಯ ಫಿಲಿಪಿನೋ ಕೆಲಸಗಾರನಿಂದ ಕೇಳಿ ಪಡೆದದ್ದಂತೆ. ನೋಡಿದರೆ ಎಲ್ಲ ಬಾಸ್ಕೆಟ್‌ಬಾಲ್ ಆಟಗಾರರು. ಚೆನ್ನಾಗಿದೆಯಾ ಎಂದು ಕೇಳಿದರು. ತುಂಬಾ ಚೆನ್ನಾಗಿದೆ ಎಂದೆ. ಹುಡುಕಿ ಕಳಿಸಿದ್ದರಲ್ಲ, ಯಾವ ಬಾಲ್ ಆದರೇನು ಎನಿಸಿತ್ತು.

ಮತ್ತೆ ಟ್ಯೂಷನ್ ಬಂತು, ಮದ್ರಸ ಬಂತು, ಊರಿನಲ್ಲಿ ಗೆಳತಿಯರೂ ಆದರು. ಉಪ್ಪನಿಗೆ ಶುಕ್ರವಾರವೂ ಡ್ಯೂಟಿ ಬೀಳತೊಡಗಿತು. ಆಟವನ್ನು ಯಾರೂ ನಿಲ್ಲಿಸಲಿಲ್ಲ, ಅದು ತಾನಾಗಿ ನಿಂತಿತು. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬಂದಾಗ ಅವರು ಆ ಡಬ್ಬ ತರುತ್ತಿರಲಿಲ್ಲ, ನಾನು ಕೇಳುತ್ತಲೂ ಇರಲಿಲ್ಲ.

ಕಳೆದ ವರ್ಷ ಉಪ್ಪ ಕೆಲಸ ಬಿಟ್ಟು ಬಂದರು. ಗಡ್ಡ ಪೂರ್ತಿ ಬಿಳಿ. ನಾನು ಈಗ ಅವರ ಹೆಗಲಿಗಿಂತ ಎತ್ತರ, ಕಾಲೇಜಿಗೆ ಹೋಗುವವಳು. ಇಬ್ಬರಿಗೂ ಏನು ಮಾತಾಡುವುದೆಂದು ತಿಳಿಯುತ್ತಿರಲಿಲ್ಲ. ಊಟ ಆಯಿತಾ, ಬಸ್ಸು ಸಿಕ್ಕಿತಾ, ಅಷ್ಟೇ. ಒಂದು ಸಂಜೆ ಅವರು ಖರ್ಜೂರದ ಡಬ್ಬ ತಂದು ಜಗಲಿಯಲ್ಲಿ ನನ್ನೆದುರು ಕೂತರು. ಕಾರ್ಡುಗಳೆಲ್ಲ ಕವುಚಿಯೇ ಇದ್ದವು. ಜುಬೈಲಿನ ಕ್ಯಾಂಪಿನ ಕೋಣೆಯಲ್ಲೂ ಆರು ಮಂದಿ ಅಲ್ಲೇ ನಮಾಜು ಮಾಡುತ್ತಿದ್ದರಂತೆ. ಹಾಗಾಗಿ ತಲೆದಿಂಬಿನ ಪಕ್ಕದಲ್ಲಿ ಉಮ್ಮ ಹೇಳಿದ ಹಾಗೆಯೇ ಇಟ್ಟಿದ್ದರು.

ಒಂದನ್ನು ಎತ್ತಿದರು. ಈಗ ಕನ್ನಡಕ ಇತ್ತು, ಆದರೆ ಹಾಕಿಕೊಳ್ಳಲಿಲ್ಲ. ಕಾರ್ಡಿನ ಕಡೆ ನೋಡದೆ ನನ್ನ ಮುಖ ನೋಡುತ್ತಾ ಹೇಳಿದರು. "ಎಡಗೈ. ಆರಡಿ ಒಂದಿಂಚು. ಆಟ ಇಲ್ಲದಾಗ ಹಾಲು ಮಾರ್ತಾನೆ. ಯಾರು ಹೇಳು?"

ನಾನು ಎಷ್ಟು ಯೋಚಿಸಿದರೂ ಬರಲಿಲ್ಲ. ಮೀಸೆ ಕಾಕ ಎಂದೆ. ಅಲ್ಲ ಎಂದು ತಲೆಯಾಡಿಸಿದರು. ಅವಸರ ಮಾಡಲಿಲ್ಲ, ಕಾದರು. ಗೊತ್ತಾಗುತ್ತಿಲ್ಲ ಉಪ್ಪ ಎಂದೆ.

ಅವರು ಕಾರ್ಡು ತಿರುಗಿಸಿದರು. ಉಬ್ಬಿದ ಕೆನ್ನೆ.

"ಹಲ್ಲುನೋವಿನವ ಅಲ್ವಾ ಮಗಾ" ಎಂದರು ಮೆಲ್ಲಗೆ.

ನಾನು ಇಟ್ಟ ಹೆಸರು ನನಗೇ ಮರೆತಿತ್ತು. ಅವರಿಗೆ ಒಂದೂ ಮರೆತಿರಲಿಲ್ಲ. ಉಳಿದವರನ್ನೂ ಹಾಗೇ, ನೋಡದೆ, ಒಬ್ಬೊಬ್ಬರಾಗಿ ಹೇಳಿದರು. ಆ ಕೋಣೆಯಲ್ಲಿ ಅಷ್ಟು ವರ್ಷ ಅವರು ಆ ಹತ್ತು ವರ್ಷದ ಹುಡುಗಿಯ ಜೊತೆ ಒಬ್ಬರೇ ಆಡುತ್ತಿದ್ದರೆಂದು ನನಗೆ ಆಗ ತಿಳಿಯಿತು. ಅವಳನ್ನು ನೋಡಲಿಕ್ಕೆಂದು ಅವರು ಊರಿಗೆ ಬಂದಿದ್ದರು. ಅವಳು ಇರಲಿಲ್ಲ, ನಾನಿದ್ದೆ.

ಒಳಗಿನಿಂದ ಮಗ್ರಿಬ್ ಬಾಂಗ್ ಆಯಿತೆಂದು ಉಮ್ಮ ಕೂಗಿದಳು. ಉಪ್ಪ ಎಲ್ಲರನ್ನೂ ಒಬ್ಬೊಬ್ಬರಾಗಿ ಕವುಚಿ ಮಲಗಿಸಿ, ಡಬ್ಬ ಮುಚ್ಚಿ, ನಮಾಜಿಗೆ ಕೈಕಾಲು ತೊಳೆದು ವುಜೂ ಮಾಡಲು ಎದ್ದುಹೋದರು.